ಕೀಪ್ ಎಂಬ ಕ್ರಿಯಾಪದ

ನಮ್ಮ ಇಂಗ್ಲಿಷ್ ಟೀಚರು ಶನಿವಾರಕ್ಕೊಂದು ಕ್ರಿಯಾಪದ ಕಲಿಸುತ್ತಿದ್ದರು. ಒಂದೇ ಒಂದು. ಬೆಳಗಿನ ಸಾಲೆಯ ಮೊದಲ ಪೀರಿಯಡ್ಡಿಗೆ ಬೋರ್ಡಿನ ನಟ್ಟನಡುವೆ ಆ ಶಬ್ದ ಬರೆದು, ಖಡುವಿನ ಪುಡಿ ಸೀರೆಗೆ ತಾಗದಂತೆ ಕೈಯನ್ನು ದೂರ ಹಿಡಿದುಕೊಂಡು ಮಕ್ಕಳ ಕಡೆ ತಿರುಗುತ್ತಿದ್ದರು. ಗೋ, ಗಿವ್, ಟೇಕ್, ಬ್ರೇಕ್. ಯಾವ ಮಗುವಿಗೂ ಹೊಸದಲ್ಲದ ಶಬ್ದಗಳು. ಇಷ್ಟು ಸಣ್ಣದಕ್ಕೆ ಇಡೀ ಪೀರಿಯಡ್ಡು ಯಾಕೆ ಎಂದು ಹೆಡ್‌ಮಾಸ್ತರರು ಒಮ್ಮೆ ಕೇಳಿದ್ದರು. ದೊಡ್ಡ ಶಬ್ದಕ್ಕೆ ಒಂದೇ ಅರ್ಥವಿರುತ್ತದೆ, ಅದನ್ನು ಮಕ್ಕಳು ತಾವೇ ನೋಡಿಕೊಳ್ಳುತ್ತಾರೆ, ಸಣ್ಣ ಶಬ್ದಕ್ಕೇ ಮಾಸ್ತರು ಬೇಕಾಗುವುದು ಎಂದು ಟೀಚರು ಉತ್ತರ ಕೊಟ್ಟಿದ್ದರು.

ಇಳಕಲ್ಲಿನ ಆ ಹೈಸ್ಕೂಲಿನಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ. ನನ್ನ ವರ್ಗಕ್ಕೂ ಅವರ ವರ್ಗಕ್ಕೂ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ. ನಾನು ಮಕ್ಕಳಿಗೆ ಏನಾದರೂ ಬರೆಯಲು ಕೊಟ್ಟು ಸುಮ್ಮನೆ ಕೂತರೆ ಆಚೆಯ ಪಾಠ ಪೂರ್ತಿ ಕೇಳುತ್ತಿತ್ತು. ಸಮಾನಾರ್ಥಕ ಪದಗಳೆಂದು ಗೈಡುಗಳಲ್ಲಿ ಉದ್ದಕ್ಕೆ ಅಚ್ಚಾಗಿರುತ್ತಿದ್ದ ಸಾಲುಗಳನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಒಂದೇ ಅರ್ಥದ ಎರಡು ಶಬ್ದ ಯಾವ ಭಾಷೆಯಲ್ಲೂ ಬದುಕುವುದಿಲ್ಲ, ಬದುಕಿದ್ದರೆ ಎರಡರ ನಡುವೆ ಏನೋ ವ್ಯತ್ಯಾಸವಿದೆ, ಅದನ್ನು ಹುಡುಕಿರಿ ಎನ್ನುತ್ತಿದ್ದರು. ಲುಕ್, ಸೀ, ವಾಚ್ ಮೂರಕ್ಕೂ ನೋಡು ಎಂದೇ ಬರೆದುಕೊಂಡಿದ್ದ ಮಕ್ಕಳಿಗೆ ಅವರು ಹೇಳಿದ್ದು ನನಗೆ ಈಗಲೂ ಕಿವಿಯಲ್ಲಿದೆ: "ಬಸ್ಸು ಬಂತೇನು ಅಂತ ರಸ್ತೆ ಕಡೆ ಕಣ್ಣು ಹಾಯಿಸ್ತೀರಿ, ಅದು ಲುಕ್. ಬಸ್ಸು ಕಣ್ಣಿಗಿ ಬಿತ್ತು, ಅದು ಸೀ. ನಿಮ್ಮವ್ವ ಅದರಾಗ ಕುಂತು ತವರಮನಿಗಿ ಹೊಂಟಾಳ, ತಿರುವು ದಾಟೋತನಕ ನಿಂತೀರಿ. ಅದು ವಾಚ್."

ಹೋದ ತಿಂಗಳು ಅವರು ಬಾಗಲಕೋಟೆಯಲ್ಲಿ, ನವನಗರದ ತಮ್ಮನ ಮನೆಯಲ್ಲಿ ತೀರಿಕೊಂಡರು. ನಮ್ಮ ಹಳೆಯ ಸಿಬ್ಬಂದಿಯ ವಾಟ್ಸಾಪ್ ಗ್ರೂಪಿನಲ್ಲಿ ಶಾಲು ಹೊದ್ದ ಅವರ ಫೋಟೋ ಬಂತು, ಅದರ ಕೆಳಗೆ ಮುಗಿದ ಕೈಗಳು ಸಾಲುಗಟ್ಟಿದವು. ಮಾದರಿ ಶಿಕ್ಷಕಿ ಎಂದು ಒಬ್ಬರು, ತ್ಯಾಗಮಯಿ ಎಂದು ಇನ್ನೊಬ್ಬರು. ಬರೆದವರಲ್ಲಿ ಹೆಚ್ಚಿನವರು ಒಂದು ಕಾಲಕ್ಕೆ ಅವರ ಪಕ್ಕ ಕೂತು ಬುತ್ತಿ ಬಿಚ್ಚಲು ಹಿಂದೆಗೆದವರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಎರಡು ಮಾತುಗಳಲ್ಲಿ ನನಗೆ ಗೊತ್ತಿದ್ದ ಹೆಂಗಸು ಕಾಣಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಎತ್ತರದ ಆಳು. ನಡೆಯುವಾಗ ಎಡ ಭುಜ ತುಸು ಮುಂದೆ. ನಗು ಬಂದರೆ ಕೆಳತುಟಿ ಕಚ್ಚಿಕೊಂಡು ತಡೆಯುವ ಅಭ್ಯಾಸ, ಹಾಗೆ ತಡೆದಾಗ ಮೂಗಿನ ಹೊರಳೆಗಳು ಅರಳುತ್ತಿದ್ದವು, ಮಕ್ಕಳಿಗೆ ಅದು ಗೊತ್ತಾಗಿ ಇನ್ನಷ್ಟು ನಗುತ್ತಿದ್ದರು. ಹಳೆಯ ಬಾಗಲಕೋಟೆಯವರು. ಓದಿನ ಹುಚ್ಚಿನಲ್ಲಿ, ಆಮೇಲೆ ತಂಗಿಯರ ಮದುವೆಯಲ್ಲಿ, ತಮ್ಮ ಮದುವೆಯ ವಯಸ್ಸು ದಾಟಿಸಿಕೊಂಡು ನಮ್ಮ ಸಾಲೆಗೆ ಬಂದವರು. ವಯಸ್ಸಿನಲ್ಲಿ ನನಗಿಂತ ದೊಡ್ಡವರಾದ್ದರಿಂದ ನಾನು ಅಕ್ಕಾರ ಎನ್ನುತ್ತಿದ್ದೆ. ಅವರು ನನ್ನನ್ನು ತಂಗಿ ಎನ್ನುತ್ತಿದ್ದರು, ಸಿಟ್ಟು ಬಂದರೆ ಮಾತ್ರ ಕನ್ನಡ ಟೀಚರ್.

ಊರಿಗೆ ಬಂದ ಹೊಸತರಲ್ಲಿ ಮಗ್ಗದವರ ಓಣಿಯ ಒಂದು ಮನೆಯ ಮೇಲಿನ ಕೋಣೆ ಬಾಡಿಗೆಗೆ ಹಿಡಿದರು. ಮನೆಯ ಯಜಮಾನ ನೂಲಿಗೆ ಬಣ್ಣ ಹಾಕುವ ಕೆಲಸದವರು. ಓಣಿಯಲ್ಲಿ ಎಲ್ಲರೂ ಅವರನ್ನು ಬಣ್ಣದವರು ಎಂದೇ ಕರೆಯುತ್ತಿದ್ದರು. ಮೊಣಕೈತನಕ ಒಂದು ದಿನ ಕೆಂಪು, ಒಂದು ದಿನ ನೀಲಿ. ಹೆಂಡತಿ ಯಾವಾಗಲೋ ಜಗಳ ಮಾಡಿಕೊಂಡು ಇಬ್ಬರು ಗಂಡುಮಕ್ಕಳೊಂದಿಗೆ ಅಮೀನಗಡದ ಕಡೆಯ ತನ್ನ ತವರು ಹಳ್ಳಿಗೆ ಹೋದವಳು ತಿರುಗಿ ಬಂದಿರಲಿಲ್ಲ. ಕರೆಯಲು ಹೋದ ಹಿರಿಯರು ಎರಡೂ ಕಡೆಯವರ ಬೈಗುಳ ತಿಂದು ಸುಮ್ಮನಾಗಿದ್ದರು. ಮನೆಯಲ್ಲಿ ಉಳಿದವರು ಬಣ್ಣದವರು ಮತ್ತು ಹಾಸಿಗೆ ಹಿಡಿದ ಅವರ ತಾಯಿ.

ಆ ಮುದುಕಿಗೆ ಟೀಚರ ಮೇಲೆ ಜೀವ. ನಮ್ಮ ಕಡೆ ಟೀಚರಿಗೆ ಅನ್ನುವಂತೆ ಬಾಯಾರ, ಬಾಯಾರ ಎಂದು ಕೆಳಗಿನಿಂದ ಕರೆಯುತ್ತಿತ್ತು. ಟೀಚರು ಇಳಿದು ಬಂದು ತಲೆ ಬಾಚುತ್ತಿದ್ದರು, ಗಂಜಿ ಕುಡಿಸುತ್ತಿದ್ದರು. ಮುದುಕಿ ಸತ್ತಿತು. ಟೀಚರು ಮನೆ ಬಿಡಲಿಲ್ಲ. ಅಷ್ಟೇ ನಡೆದದ್ದು. ಯಾವತ್ತಿನಿಂದ ಕೆಳಗೆ ಒಂದೇ ಒಲೆ ಉರಿಯತೊಡಗಿತು ಎನ್ನುವುದನ್ನು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಊರಿಗೆ ಗೊತ್ತು ಮಾಡಿಕೊಟ್ಟದ್ದು ಅವರ ಸೀರೆಗಳು. ಅಂಗಡಿಯಲ್ಲಿ ಎಲ್ಲೂ ಸಿಗದ ಬಣ್ಣಗಳು ಒಂದೊಂದೇ ಅವರ ಮೈಮೇಲೆ ಬರತೊಡಗಿದವು. ಸುಟ್ಟ ಇಟ್ಟಂಗಿಯ ಬಣ್ಣದ್ದು ಒಂದು, ಹಸಿ ಬಳ್ಳೊಳ್ಳಿ ಸಿಪ್ಪೆಯ ಒಳಮೈಯಂಥದ್ದು ಇನ್ನೊಂದು. ಇಳಕಲ್ಲಿನ ಹೆಂಗಸರ ಕಣ್ಣು ಸೀರೆಯ ವಿಷಯದಲ್ಲಿ ಮೋಸ ಹೋಗುವುದಿಲ್ಲ. ಇದು ಯಾರೋ ಒಬ್ಬರಿಗಾಗಿಯೇ ಅದ್ದಿದ ನೂಲು ಎಂದು ಸ್ಟಾಫ್‌ರೂಮಿನಲ್ಲಿ ಎಲ್ಲರಿಗೂ ತಿಳಿಯಿತು.

ನಮ್ಮ ಕಡೆ ಕೀಪ್ ಎಂಬ ಶಬ್ದಕ್ಕೆ ಇಂಗ್ಲಿಷ್ ಬಾರದವರ ಬಾಯಲ್ಲೂ ಒಂದು ಅರ್ಥವಿದೆ. ಮದುವೆಯಾಗದೆ ಇಟ್ಟುಕೊಂಡ ಹೆಂಗಸು. ಫಲಾನೆಯವನ ಕೀಪ್ ಅಂತೆ ಎಂದು ದನಿ ತಗ್ಗಿಸಿ ಹೇಳುತ್ತಾರೆ. ಒಂದು ಶನಿವಾರ ಬೆಳಿಗ್ಗೆ ಹತ್ತನೆಯ ವರ್ಗದ ಬೋರ್ಡಿನ ಮೇಲೆ, ಟೀಚರು ಬರುವ ಮೊದಲೇ, ಯಾರೋ ಆ ಶಬ್ದವನ್ನು ಇಂಗ್ಲಿಷಿನಲ್ಲಿ ಬರೆದು ಅದರ ಮುಂದೆ ಸೀರೆ ಉಟ್ಟ ಒಂದು ಗೊಂಬೆಯ ಚಿತ್ರ ತೆಗೆದಿದ್ದರು.

ನಾನು ನನ್ನ ವರ್ಗಕ್ಕೆ ಹೋಗುವಾಗ ಬಾಗಿಲಿನಿಂದ ಅದನ್ನು ಕಂಡೆ. ಒರೆಸಿಬಿಡೋಣ ಎಂದು ಒಳಗೆ ಕಾಲಿಡುವಷ್ಟರಲ್ಲಿ ಅವರು ಬಂದರು. ನನ್ನನ್ನು ಕಣ್ಣಿನಿಂದಲೇ ಹೊರಗೆ ಕಳಿಸಿದರು. ಹಲಗೆಯ ಗೋಡೆಯ ಈಚೆ ನಾನು ನಿಂತಿದ್ದೆ. ಆಚೆಯಿಂದ ಅವರ ದನಿ ಬಂತು, ದಿನದ ದನಿಯೇ.

"ಸ್ಪೆಲಿಂಗ್ ಬರೋಬ್ಬರಿ ಐತಿ. ಇವತ್ತಿನ ಕ್ರಿಯಾಪದ ಇದಽ ಇರಲಿ."

ಗೊಂಬೆಯನ್ನು ಒರೆಸಿ ಶಬ್ದವನ್ನು ಉಳಿಸಿಕೊಂಡರು ಎಂದು ನನಗೆ ಆಮೇಲೆ ಒಬ್ಬ ಹುಡುಗಿ ಹೇಳಿದಳು. ಮೊದಲು ವ್ಯಾಕರಣ. ಇಂಗ್ಲಿಷಿನಲ್ಲಿ ಇದು ನಾಮಪದವೂ ಆಗುತ್ತದೆ, ಆಗ ಅದಕ್ಕೆ ಕೋಟೆಯ ನಟ್ಟನಡುವಿನ ಗಟ್ಟಿ ಬುರುಜು ಎಂದು ಅರ್ಥ, ಶತ್ರು ಹೊರಗಿನ ಗೋಡೆ ಒಡೆದರೂ ಅಲ್ಲಿಗೆ ಹೋಗಿ ಉಳಿದುಕೊಳ್ಳಬಹುದು ಎಂದರು. ಬಾದಾಮಿಯ ಗುಡ್ಡ ಹತ್ತಿ ಕೋಟೆ ನೋಡಿ ಬಂದವರು ಕೈ ಎತ್ತಿರಿ ಎಂದರು. ಇನ್ನೊಂದು ಅರ್ಥ ಹೊಟ್ಟೆಯ ಅನ್ನ, ದುಡಿದು ಸಂಪಾದಿಸುವ ಅನ್ನ. ಆಮೇಲೆ ಹೇಳಿದರು: "ಇಟ್ಟುಕೊಳ್ಳೂದು ಅನ್ನೋ ಅರ್ಥಾನೂ ಇದಕ್ಕ ಐತಿ. ನಾ ಸುಳ್ಳು ಹೇಳೂದಿಲ್ಲ. ಆದ್ರ ಅದು ಕ್ರಿಯಾಪದ. ಕ್ರಿಯಾಪದ ಅಂದಮ್ಯಾಲ ಒಂದು ಕರ್ತೃ ಬೇಕು, ಒಂದು ಕರ್ಮ ಬೇಕು. ಯಾರು ಯಾರನ್ನ ಇಟ್ಟುಕೊಂಡ್ರು? ಬರದವರು ಎದ್ದು ಬಂದು ವಾಕ್ಯ ಪೂರ್ತಿ ಮಾಡ್ರಿ."

ಯಾರೂ ಏಳಲಿಲ್ಲ. ಹಾಗಾದರೆ ಉಳಿದವರು ವಾಕ್ಯ ಮಾಡಿರಿ ಎಂದರು. ಒಬ್ಬೊಬ್ಬರೇ ಶುರುಮಾಡಿದರು. ನಮ್ಮವ್ವ ಕೋಳಿ ಸಾಕುತ್ತಾಳೆ, ಅದಕ್ಕೂ ಕೀಪ್. ಗದ್ದಲ ಮಾಡಬೇಡಿರಿ, ಅದಕ್ಕೂ ಕೀಪ್. ಗುಟ್ಟು ಬಿಟ್ಟುಕೊಡದಿರುವುದು, ದೂರ ಇರುವುದು, ನಿಲ್ಲದೆ ನಡೆಯುತ್ತಲೇ ಇರುವುದು. ಹೋಲ್ಡ್ ಅಂದರೂ ಅದೇ ಅಲ್ಲವೇ ಎಂದು ಒಬ್ಬ ಕೇಳಿದ. ಅಲ್ಲ ಎಂದರು. ಹೋಲ್ಡ್ ಎಂದರೆ ಕೈ ನೋಯುವತನಕ ಹಿಡಿಯುವುದು, ಕೀಪ್ ಎಂದರೆ ಕೈ ನೋಯತೊಡಗಿದ ಮೇಲೂ ಇಟ್ಟುಕೊಳ್ಳುವುದು. ಕೊನೆಗೆ ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು, ನಮ್ಮಪ್ಪ ಕೊಟ್ಟ ಮಾತು ಉಳಿಸಿಕೊಳ್ಳುವುದಿಲ್ಲ ಎಂದು ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಹೇಳಿ ಕೂತಳು. ಗಂಟೆ ಹೊಡೆಯಿತು.

ಪೀರಿಯಡ್ಡು ಮುಗಿಸಿ ಅವರು ಹೊರಗೆ ಬಂದರು. ನೀರಿನ ಲೋಟ ಕೊಟ್ಟೆ. ಎರಡು ಕೈಯಲ್ಲಿ ಹಿಡಿದು ಕುಡಿದರು.

ಆ ಪಾಠ ಊರಲ್ಲಿ ಬೇರೆಯಾಗಿ ಹರಡಿತು. ಟೀಚರು ಹತ್ತನೆಯ ವರ್ಗದ ಹುಡುಗಿಯರಿಗೆ ಇಟ್ಟುಕೊಳ್ಳುವ ಪಾಠ ಮಾಡಿದರಂತೆ. ಪಾಲಕರು ಬಂದರು. ಆಡಳಿತ ಮಂಡಳಿಯ ಸಭೆ ಕರೆದರು. ಹೆಂಗಸಿನ ವಿಷಯ, ಒಬ್ಬ ಹೆಂಗಸು ಇರಲಿ ಎಂದು ನನ್ನನ್ನೂ ಮೂಲೆಯ ಕುರ್ಚಿಯಲ್ಲಿ ಕೂಡಿಸಿದರು. ನಮ್ಮ ಮನೆಯವರು ಅವತ್ತು ಬೆಳಿಗ್ಗೆಯೇ ಬಾಯಿ ಹಾಕಬೇಡ ಎಂದು ಹೇಳಿ ಕಳಿಸಿದ್ದರು. ಬಾಯಿ ಹಾಕಿದೆ. ಪಾಠ ಪೂರ್ತಿ ನಾನು ಕೇಳಿದ್ದೇನೆ, ತಪ್ಪು ಒಂದಕ್ಷರ ಇರಲಿಲ್ಲ ಎಂದೆ. ಚೇರ್ಮನ್ನರು ತಲೆ ಅಲ್ಲಾಡಿಸಿ, ಪಾಠದ ಮಾತು ಬಿಡ್ರಿ ಎಂದರು. ಅವರಿಗೆ ಬೇಕಾಗಿದ್ದು ಪಾಠವಾಗಿರಲಿಲ್ಲ.

"ಆ ಬಣ್ಣದವರು ನಿಮಗ ಏನಾಗಬೇಕ್ರಿ?" ಎಂದು ಟೀಚರನ್ನು ಕೇಳಿದರು.

ಕೆಟ್ಟ ಮನುಷ್ಯರೇನಲ್ಲ ಅವರು. ಹೇಗಾದರೂ ಮುಗಿದುಹೋಗಲಿ ಎನ್ನುವಂತಿತ್ತು ಅವರ ದನಿ. ಪಕ್ಕದ ಸದಸ್ಯರೊಬ್ಬರು ದಾರಿಯನ್ನೂ ತೋರಿಸಿದರು. ಬಾಡಿಗೆದಾರಳು ಎಂದು ಹೇಳಿಬಿಡಿರಿ, ನಾವು ಬರೆದುಕೊಂಡು ಸುಮ್ಮನಾಗುತ್ತೇವೆ. ಒಂದು ಶಬ್ದ. ಅದನ್ನು ಹೇಳಿದ್ದರೆ ಎಲ್ಲರೂ ಚಹಾ ಕುಡಿದು ಎದ್ದು ಹೋಗುತ್ತಿದ್ದರು. ಹೇಳಲಿ ಎಂದು ನಾನೂ ಒಳಗೊಳಗೆ ಬೇಡಿಕೊಂಡೆ.

ಟೀಚರು ಬಹಳ ಹೊತ್ತು ಮೇಜಿನ ಮೇಲಿನ ಗಾಜನ್ನು ನೋಡಿದರು. ನಿಜವಾಗಿ ಶಬ್ದ ಹುಡುಕುತ್ತಿದ್ದರು ಎಂದು ನನಗೆ ಅನಿಸಿತು, ಮಕ್ಕಳ ಪೇಪರು ತಿದ್ದುವಾಗ ಹುಡುಕುವ ಹಾಗೆ.

"ಬಾಡಿಗಿ ಕೊಡೂದು ಬಿಟ್ಟು ಭಾಳ ದಿನ ಆತ್ರಿ," ಎಂದರು. "ಅವರ ಮನ್ಯಾಗ ಇರ್ತೇನಿ. ಅವರು ಉಂಡಮ್ಯಾಲ ಉಣ್ತೇನಿ, ನಾ ಬರೋದು ತಡ ಆದ್ರ ಅವರು ಬಾಗಿಲದಾಗ ನಿಂತಿರ್ತಾರ. ಇದಕ್ಕ ನೀವಽ ಒಂದು ಹೆಸರು ಹೇಳ್ರಿ, ಸರಿ ಇದ್ರ ಒಪ್ಪತೇನಿ."

ನೌಕರಿ ತೆಗೆಯಲು ಮಂಡಳಿಗೆ ಬರುತ್ತಿರಲಿಲ್ಲ. ಹತ್ತನೆಯ ವರ್ಗವನ್ನು ಅವರಿಂದ ಕಿತ್ತುಕೊಂಡು ಎಂಟನೆಯವರಿಗೆ ಕಾಪಿ ಬರೆಸುವ ಕೆಲಸ ಕೊಟ್ಟರು. ಶನಿವಾರದ ಕ್ರಿಯಾಪದ ನಿಂತಿತು. ಹಲಗೆಯ ಗೋಡೆಯ ಆಚೆ ಹೊಸ ಮಾಸ್ತರರು ಗೈಡು ಹಿಡಿದು ಸಾಲು ಸಾಲು ಸಮಾನಾರ್ಥಕ ಪದಗಳನ್ನು ಬಾಯಿಪಾಠ ಮಾಡಿಸುವುದು ಕೇಳುತ್ತಿತ್ತು. ಬುತ್ತಿ ಬಿಚ್ಚುವ ಹೊತ್ತಿಗೆ ನಾವಿಬ್ಬರು ಕಿಟಕಿಯ ಕಡೆ, ಉಳಿದವರು ಬಾಗಿಲ ಕಡೆ. ಬೇಜಾರಾಯಿತೇನು ಎಂದು ಒಮ್ಮೆ ಕೇಳಿದ್ದಕ್ಕೆ, ಮಕ್ಕಳ ಅಕ್ಷರ ಸುಧಾರಿಸುತ್ತಿದೆ ಎಂದು ಬೇರೆ ಮಾತಾಡಿದರು. ಆದರೆ ಆ ವರ್ಷ ಅವರು ತೆಳ್ಳಗಾದರು. ರಾತ್ರಿ ನಿದ್ದೆ ಇರಲಿಲ್ಲವೆಂದು ಕಾಣುತ್ತದೆ, ಎಂಟನೆಯವರು ಕಾಪಿ ಬರೆಯುವಾಗ ಕುರ್ಚಿಯಲ್ಲೇ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಬಣ್ಣದವರಿಗೆ ಲಕ್ವಾ ಹೊಡೆದದ್ದು ಅದಾದ ಮೇಲಿನ ಬೇಸಿಗೆಯಲ್ಲಿ. ಬಣ್ಣದ ಹಂಡೆಯ ಮುಂದೆ ಕೂತವರು ಹಾಗೇ ವಾಲಿದರು. ಟೀಚರು ಓಣಿಯವರ ಕೈಕಾಲು ಹಿಡಿದು ಗಾಡಿ ಮಾಡಿ ಬಾಗಲಕೋಟೆಯ ದವಾಖಾನೆಗೆ ಒಯ್ದರು. ನಾನು ಮರುದಿನ ಹೋದೆ. ಅಷ್ಟರಲ್ಲಿ ಹಳ್ಳಿಯಿಂದ ಹೆಂಡತಿ, ಅವಳ ಕಡೆಯವರು, ದೊಡ್ಡವರಾಗಿ ಬೆಳೆದ ಗಂಡುಮಕ್ಕಳು ಬಂದು ಮುಟ್ಟಿದ್ದರು. ರೋಗಿಯ ಮನೆಯವರು ಯಾರು ಎಂದು ನರ್ಸು ಕೇಳಿದಾಗಲೆಲ್ಲ ಟೀಚರು ಎದ್ದು ನಿಂತು, ಮತ್ತೆ ಕೂಡುತ್ತಿದ್ದರು. ಎರಡು ಸಲ ಹಾಗೆ ಮಾಡಿದ್ದನ್ನು ನೋಡಿ ನಾನೇ ಅವರ ಕೈಹಿಡಿದು ಹೊರಗಿನ ಬೆಂಚಿಗೆ ಕರೆತಂದೆ. ಬಣ್ಣದವರ ಬಲಗೈ, ಬಲಗಾಲು ಹೋಗಿದ್ದವು. ಮಾತೂ ಹೋಗಿದೆ ಎಂದರು. ಮಕ್ಕಳು ಅವರನ್ನು ದವಾಖಾನೆಯಿಂದ ನೇರವಾಗಿ ಹಳ್ಳಿಗೆ ಒಯ್ದರು, ಟೀಚರಿಗೆ ಮನೆ ಖಾಲಿ ಮಾಡಲು ಹೇಳಿ ಹೋದರು.

ಬೇರೆ ಕೋಣೆ ನೋಡಿದೆವು. ಒಂದು ಭಾನುವಾರ ನಾನು ಸಾಮಾನು ಕಟ್ಟಲು ಹೋಗಿದ್ದೆ. ಭಾಂಡೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿರುವಾಗ ಹೊರಗೆ ಟೆಂಪೋ ನಿಂತಿತು. ದೊಡ್ಡ ಮಗ ಮತ್ತು ಇನ್ನೊಬ್ಬರು ಸೇರಿ ಹಿಂದಿನಿಂದ ಒಂದು ಹಾಸಿಗೆಯನ್ನು ಇಳಿಸಿದರು. ಅದರ ಮೇಲೆ ಬಣ್ಣದವರು. ಗುರುತು ಸಿಗಲಿಲ್ಲ. ಬೆನ್ನೆಲ್ಲ ಹುಣ್ಣು, ಮೈ ನಾತ. ನನಗೆ ಮೊದಲು ಕಂಡದ್ದು ಕೈ. ಯಾವ ಬಣ್ಣವೂ ಇಲ್ಲದ, ಬೆಳ್ಳಗೆ ಬಾತ ಕೈ.

ಹುಡುಗ ಟೀಚರ ಮುಖ ನೋಡಲಿಲ್ಲ. ಗೋಡೆಯ ಕಡೆ ನೋಡಿ ಹೇಳಿದ: "ನೀವಽ ಇಟ್ಟುಕೊಂಡಿದ್ರಿ, ನೀವಽ ಇಟ್ಟುಕೋರಿ. ನಮ್ಮವ್ವನ ಕೈಲಿಂದ ಆಗವಲ್ದು."

ಅವನ ಕಣ್ಣಲ್ಲಿ ನೀರಿತ್ತು ಎಂಬುದನ್ನೂ ಹೇಳಬೇಕು. ಬೈಯಲು ಬಂದವನ ಹಾಗಿರಲಿಲ್ಲ, ಸೋತವನ ಹಾಗಿದ್ದ. ಟೀಚರು ಗೋಣಿಚೀಲದೊಳಗೆ ಕೈ ಹಾಕಿ ಒಂದು ಪಾತೇಲಿ ತೆಗೆದು, ತಂಗಿ, ನೀರು ಕಾಯಾಕ ಇಡು ಎಂದರು.

ಅಲ್ಲಿಂದ ಮುಂದಿನ ವರ್ಷಗಳ ಬಗ್ಗೆ ಗ್ರೂಪಿನವರು ಬರೆದ ತ್ಯಾಗದ ಮಾತು ಬರುತ್ತದೆ. ನಾನು ಕಂಡದ್ದು ತ್ಯಾಗದಂತಿರಲಿಲ್ಲ. ಅದು ದಿನದ ಕೆಲಸ, ಬೇಸರ ಬರಿಸುವ ಕೆಲಸ. ಬೆಳಿಗ್ಗೆ ಮೈ ಒರೆಸಿ, ಮಗ್ಗಲು ತಿರುಗಿಸಿ, ಉಣ್ಣಿಸಿ ಸಾಲೆಗೆ ಬರುತ್ತಿದ್ದರು. ಮಧ್ಯಾಹ್ನ ಎದುರುಮನೆಯ ಮಗ್ಗದ ಮುದುಕಿ ಹಣಿಕಿ ಹಾಕಿ ನೀರು ಕುಡಿಸುತ್ತಿತ್ತು. ಸಾಲೆ ಬಿಟ್ಟ ಕೂಡಲೇ ಟೀಚರು ಚಪ್ಪಲಿ ಮೆಟ್ಟಿಕೊಂಡು ಹೊರಟರೆ ತಿರುಗಿ ನೋಡುತ್ತಿರಲಿಲ್ಲ. ಒಮ್ಮೊಮ್ಮೆ ಸಿಟ್ಟು ಮಾಡುತ್ತಿದ್ದರು. ಇವತ್ತು ಅವರಿಗೆ ಒದರಿದೆ ತಂಗಿ, ತುತ್ತು ಉಗುಳಿದ್ದಕ್ಕೆ ಒದರಿದೆ ಎಂದು ಸ್ಟಾಫ್‌ರೂಮಿನಲ್ಲಿ ಕೂತು ತಮ್ಮ ಅಂಗೈಯನ್ನೇ ನೋಡಿಕೊಂಡದ್ದು ಉಂಟು. ಸೀರೆಗಳು ಹಳೆಯವಾದವು. ಇಟ್ಟಂಗಿಯ ಬಣ್ಣದ ಸೀರೆ ತೊಳೆದೂ ತೊಳೆದೂ ಮಣ್ಣಿನ ಬಣ್ಣಕ್ಕೆ ಇಳಿಯಿತು. ಉಡುವುದು ಬಿಡಲಿಲ್ಲ.

ಊರಿನ ಮಾತು ಮಾತ್ರ ತಿರುಗಿತು. ಬಾಗಿಲ ಕಡೆ ಬುತ್ತಿ ಬಿಚ್ಚುತ್ತಿದ್ದವರು ಮೆಲ್ಲಗೆ ಕಿಟಕಿಯ ಕಡೆ ಸರಿದರು. ಚೇರ್ಮನ್ನರು ಒಂದು ಸಮಾರಂಭದಲ್ಲಿ ಅವರನ್ನು ದೇವರಂಥ ತಾಯಿ ಎಂದರು, ಹತ್ತನೆಯ ವರ್ಗವನ್ನೂ ತಿರುಗಿ ಕೊಟ್ಟರು. ನನಗೆ ಸಂತೋಷವಾಗಿತ್ತು. ಅವರಿಗೆ ಆಗಲಿಲ್ಲ.

"ಆವಾಗ ಒಂದು ಅಂದ್ರು, ಈಗ ಒಂದು ಅಂತಾರ," ಎಂದರು ಆ ದಿನ. "ಎರಡೂ ನಾಮಪದ ನೋಡು. ಮನ್ಯಾಗ ಏನು ನಡದೈತಿ ಅಂತ ಆವಾಗೂ ಯಾರೂ ಕೇಳಲಿಲ್ಲ, ಈಗೂ ಯಾರೂ ಕೇಳವಲ್ಲರು."

ಬಣ್ಣದವರು ಒಂದು ದಿನ ಬೆಳಿಗ್ಗೆ, ಗಂಜಿ ಕುಡಿದ ಮೇಲೆ, ಹೋದರು. ಸುದ್ದಿ ತಿಳಿದು ನಾನು ಓಡಿದೆ. ಹಳ್ಳಿಗೆ ಹೇಳಿ ಕಳಿಸಿದ್ದು ಟೀಚರೇ. ಮಧ್ಯಾಹ್ನದ ಹೊತ್ತಿಗೆ ಅದೇ ಟೆಂಪೋ ಬಂತು. ಹುಡುಗರು ಈ ಸಲ ತಲೆ ತಗ್ಗಿಸಿದ್ದರು. ಜೊತೆಗೆ ಬಂದ ಹಿರಿಯರೊಬ್ಬರು, ಬೀರಪ್ಪನ ಗುಡಿಯ ಹಿರಿತನ ಮಾಡುವವರು, ಮಣ್ಣು ಮಾಡುವುದು ನಮ್ಮ ಹಳ್ಳಿಯಲ್ಲೇ ಆಗಬೇಕು, ಹೆಂಡತಿ ಅಲ್ಲಿ ಕೂತಿದ್ದಾಳೆ ಎಂದರು. ಟೀಚರು ಒಂದೇ ಮಾತು ಕೇಳಿದರು. ಮೈ ತೊಳೆಯುವುದನ್ನು ನಾನು ಮಾಡಿ ಕೊಡುತ್ತೇನೆ. ಹಿರಿಯರು ಅದು ಮನೆಯವರ ಕೆಲಸ ಅವ್ವಾ ಎಂದರು, ಮೆತ್ತಗೆ, ನೋಯಿಸಬಾರದು ಎನ್ನುವಂತೆ. ಅಷ್ಟು ವರ್ಷ ದಿನಾ ತೊಳೆದ ಮೈಯನ್ನು ಅವರು ಹಾಗೇ ಟೆಂಪೋದಲ್ಲಿ ಹಾಕಿಕೊಂಡು ಹೋದರು.

ಟೀಚರು ಬಾಗಿಲಿಗೆ ಕೀಲಿ ಹಾಕಿ ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಬೇಡ ಎಂದೆ, ಕೇಳಲಿಲ್ಲ, ನಾನೂ ಹತ್ತಿದೆ. ಹುನಗುಂದದಲ್ಲಿ ಇಳಿದು ಇನ್ನೊಂದು ಬಸ್ಸು. ಹಳ್ಳಿಯ ಅಗಸಿ ಬಾಗಿಲಲ್ಲಿ ಆ ಹಿರಿಯರೇ ಅಡ್ಡ ಬಂದು ಕೈ ಮುಗಿದರು. ಒಳಗೆ ಬಂದರೆ ಹೆಂಗಸರು ಸುಮ್ಮನಿರುವುದಿಲ್ಲ, ಸತ್ತವನ ಮುಂದೆ ಜಗಳ ಬೇಡ. ಟೀಚರು ಒಪ್ಪಿದರು. ಬಸ್ಸು ನಿಲ್ಲುವಲ್ಲಿ ಒಂದು ಮುರಿದ ಸಿಮೆಂಟಿನ ಬೆಂಚಿತ್ತು. ಅಲ್ಲಿ ಕೂತೆವು. ಹೆಣದ ಮುಂದೆ ಬಾರಿಸುವ ಹಲಗೆಯ ಸದ್ದು ಊರೊಳಗಿನಿಂದ ಎದ್ದು, ಹತ್ತಿರ ಬಂದ ಹಾಗಾಗಿ, ಹೊಲಗಳ ಕಡೆ ತಿರುಗಿ ಸಣ್ಣದಾಗುತ್ತ ಹೋಯಿತು. ಪೂರ್ತಿ ನಿಂತ ಮೇಲೂ ಟೀಚರು ಏಳಲಿಲ್ಲ. ಬಸ್ಸು ಬಂದಾಗ ನಾನೇ ಎಬ್ಬಿಸಬೇಕಾಯಿತು. ದಾರಿಯುದ್ದಕ್ಕೂ ಒಂದು ಹನಿ ಅಳಲಿಲ್ಲ. ಅಮ್ಮನ ತೊಡೆಯ ಮೇಲಿದ್ದ ಯಾರದೋ ಕೂಸು ಅವರ ಸೆರಗು ಹಿಡಿದು ಎಳೆಯುತ್ತಿತ್ತು, ಬಿಡಿಸಿಕೊಳ್ಳಲಿಲ್ಲ.

ಮರುದಿನ ಸಾಲೆಗೆ ಬಂದರು. ಗಂಡ ಸತ್ತ ಹೆಂಗಸಿಗೆ ರಜೆ ಇದೆ, ಸಾಂತ್ವನ ಇದೆ, ಬಂದು ಕೂಡುವ ನೆಂಟರಿದ್ದಾರೆ. ಅವರಿಗೆ ಅದು ಯಾವುದೂ ಇರಲಿಲ್ಲ. ಸ್ಟಾಫ್‌ರೂಮಿನಲ್ಲಿ ಎಲ್ಲರೂ ತಮ್ಮ ತಮ್ಮ ಪುಸ್ತಕ ನೋಡಿದರು.

ಮನೆ ಮಕ್ಕಳ ಪಾಲಾಯಿತು. ಟೀಚರು ಹುನಗುಂದದಲ್ಲಿ, ಕೋರ್ಟಿನ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದರು. ಇಳಕಲ್ಲಿನ ಆ ಓಣಿಯನ್ನು ದಿನಾ ದಾಟುವುದು ಬೇಡವಾಗಿತ್ತು ಎಂದು ಕಾಣುತ್ತದೆ. ನಿವೃತ್ತಿಯತನಕ ಅಲ್ಲಿಂದಲೇ ಬಸ್ಸಿಗೆ ಬಂದು ಹೋದರು, ಆಮೇಲೆ ತಮ್ಮನ ಮನೆಗೆ ಹೋದರು. ನಿವೃತ್ತಿಯ ದಿನ ಶಾಲು ಹೊದಿಸಿದರು. ಎರಡು ಮಾತು ಹೇಳಿರಿ ಎಂದಾಗ, ಮಕ್ಕಳಿಗೆ ಗೈಡು ಕೊಡಿಸಬೇಡಿರಿ ಎಂದಷ್ಟೇ ಹೇಳಿ ಕೂತರು.

ಆದರೆ ನನಗೆ ಅವರು ನೆನಪಾಗುವುದು ಶಾಲು ಹೊದ್ದ ಆ ಫೋಟೋದ ಹಾಗಲ್ಲ. ಹುನಗುಂದದ ಕೋಣೆಯಲ್ಲಿ ಕಳೆದ ಒಂದು ಸಂಜೆ ಇದೆ. ಬಣ್ಣದವರು ಹೋಗಿ ಕೆಲವು ತಿಂಗಳಾಗಿದ್ದವು. ತಾಲೂಕು ಕಚೇರಿಯಲ್ಲಿ ಕೆಲಸವಿದ್ದು ಹೋದವಳು ಅವರನ್ನು ಕಂಡು ಬರೋಣವೆಂದು ಅಲ್ಲಿದ್ದೆ. ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಬಿಸಿಲಿಗೆ ಬತ್ತಿದ ಮೈ, ತಲೆತುಂಬ ಸೆರಗು, ಹಣೆ ಬರಿದು. ಯಾರು ಎಂದು ನನಗೆ ಹೊಳೆಯಲಿಲ್ಲ. ಟೀಚರಿಗೆ ಹೊಳೆಯಿತು. ಎದ್ದು ಚಾಪೆ ಹಾಸಿದರು.

"ಬಾ ಗಂಗವ್ವ, ಕುಂಡ್ರು," ಎಂದರು.

ಬಣ್ಣದವರ ಹೆಂಡತಿ. ಅವರಿಬ್ಬರು ಹತ್ತಿರದಿಂದ ಒಬ್ಬರನ್ನೊಬ್ಬರು ನೋಡಿದ್ದು ದವಾಖಾನೆಯಲ್ಲಿ ಮಾತ್ರ. ಕೊಟ್ಟ ನೀರು ಕುಡಿದಳು. ಚಹಾ ಬೇಡವೆಂದಳು. ಬಸ್ಸಿನ ಗದ್ದಲ, ಮಳೆ ಹೋದದ್ದು, ಸಣ್ಣ ಮಗನಿಗೆ ಕನ್ಯೆ ನೋಡುತ್ತಿರುವುದು, ಹೀಗೆ ಏನೇನೋ ಹೇಳಿದಳು. ಜಗಳಕ್ಕೆ ಬಂದಿದ್ದಾಳೋ ಏನೋ ಎಂದು ನಾನು ಗಟ್ಟಿಯಾಗಿ ಕೂತಿದ್ದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ, ಕೊನೆಗೆ ತಲೆ ಎತ್ತಿದಳು.

"ಅಕ್ಕಾರ, ಒಂದು ಕೇಳ್ತೇನಿ, ಖರೆ ಹೇಳ್ರಿ. ಅವರು ಒಮ್ಮೆರೆ ನನ್ನ ನೆನಸಿದ್ರೇನು?"

ನಾನು ಟೀಚರ ಮುಖ ನೋಡಿದೆ. ಚೇರ್ಮನ್ನರ ಮುಂದೆ ಮೇಜಿನ ಗಾಜು ನೋಡಿದ್ದಂತೆ ಇಲ್ಲಿ ನೆಲ ನೋಡುತ್ತಾರೆ, ಶಬ್ದ ಹುಡುಕುತ್ತಾರೆ ಎಂದುಕೊಂಡೆ. ಹುಡುಕಲಿಲ್ಲ. ಕೂಡಲೇ ಹೇಳಿದರು.

"ನೆನಸಿದ್ರವ್ವ. ನಿನ್ನ ಹೆಸರು ಹಿಡದು ಕರೀತಿದ್ರು. ದಿನಾ ಕರೀತಿದ್ರು."

"ಗಂಗೀ ಅಂತ?"

"ಗಂಗೀ ಅಂತ."

ಅವಳು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಬಹಳ ಹೊತ್ತು ಅತ್ತಳು. ಟೀಚರು ಅವಳ ಬೆನ್ನ ಮೇಲೆ ಕೈ ಇಡಲಿಲ್ಲ, ಎದುರಿಗೆ ಕೂತಿದ್ದರು. ಅಳು ಮುಗಿದ ಮೇಲೆ ಅವಳೇ ಮುಖ ಒರೆಸಿಕೊಂಡು, ಬಸ್ಸಿಗೆ ತಡವಾಗುತ್ತದೆ ಎಂದು ಎದ್ದಳು. ಹೊಸ್ತಿಲಲ್ಲಿ ಬಗ್ಗಿ ಟೀಚರ ಕಾಲು ಮುಟ್ಟಲು ಹೋದಳು. ಟೀಚರು ಹಿಂದೆ ಸರಿದು ಅವಳ ಎರಡೂ ಕೈ ಹಿಡಿದು ನಿಲ್ಲಿಸಿದರು.

ಅವಳು ಓಣಿಯ ತಿರುವು ದಾಟಿದ ಮೇಲೆ ನಾನು ಹೇಳಿದೆ. ಪಾಪ, ಅವಳ ಮನಸ್ಸಿಗೆ ನೆಮ್ಮದಿಯಾಯಿತು, ಸುಳ್ಳಾದರೂ ಛಲೋ ಹೇಳಿದಿರಿ ಎಂದೆ. ಮಾತು ಹೋದ ಮನುಷ್ಯ ಯಾರ ಹೆಸರು ಕರೆದಾನು? ನಾನು ಹೋದಾಗಲೆಲ್ಲ ಅವರು ಬಾಯಿ ಮುಚ್ಚಿಕೊಂಡು ಮಾಳಿಗೆ ನೋಡುತ್ತಿದ್ದದ್ದನ್ನೇ ಕಂಡಿದ್ದೆ.

"ಸುಳ್ಳಲ್ಲ," ಎಂದರು ಟೀಚರು.

ಚಾಪೆ ಸುತ್ತುತ್ತಿದ್ದರು. ಸುತ್ತುವುದನ್ನು ನಿಲ್ಲಿಸಲಿಲ್ಲ.

"ಹಳ್ಳಿಯಿಂದ ಬಂದಮ್ಯಾಲ ಅದೊಂದಽ ಶಬ್ದ ಹೊರಳಿ ಬಂದಿತ್ತು ಅವರ ಬಾಯಾಗ. ನೀರು ಬೇಕಾದ್ರೂ ಅದಽ, ನೋವಾದ್ರೂ ಅದಽ. ನನ್ನ ಕರ್ಯಾಕೂ ಅದಽ. ಮಂದಿ ಬಂದ್ರ ಸುಮ್ಮಕಾಗ್ತಿದ್ರು, ಅವರಿಗೂ ತಿಳೀತಿತ್ತು."

ಅಷ್ಟು ವರ್ಷ ಎನ್ನುವುದೊಂದೇ ನನ್ನ ತಲೆಯಲ್ಲಿ ತಿರುಗುತ್ತಿತ್ತು. ನೀವು ಏನು ಮಾಡುತ್ತಿದ್ದಿರಿ ಅಕ್ಕಾರ ಎಂದು ಕೇಳಿದೆ.

"ಮೊದಮೊದಲ ತಿದ್ದತಿದ್ದೆ. ಮುಂದ ಕುಂತು ನನ್ನ ಹೆಸರು ಒಂದೊಂದಽ ಅಕ್ಷರ ಬಿಡಿಸಿ ಹೇಳಿಸ್ತಿದ್ದೆ, ಸಣ್ಣ ಹುಡುಗರಿಗೆ ಹೇಳಿಸಿದಂಗ. ಅವರು ನನ್ನ ಬಾಯಿ ನೋಡಿಕೋತ ಹೇಳಾಕ ಹೋಗವರು, ಬರ್ತಿದ್ದಿಲ್ಲ. ಅಳವರು." ಚಾಪೆಯನ್ನು ಮೂಲೆಗೆ ನಿಲ್ಲಿಸಿದರು. "ಆಮ್ಯಾಲ ತಿದ್ದೂದು ಬಿಟ್ಟೆ. ಗಂಗೀ ಅಂದ್ರ ಓ ಅಂತಿದ್ದೆ."